ಐದು ಕೋಟಿ ಬಾಂಧವ್ಯಗಳು

ಈ ವೇದಿಕೆಯ ಮೇಲಿರುವ ಕೈಯುಳ್ಳ ಏಕೈಕ ಕುರ್ಚಿಯನ್ನು ಹಲವು ವರ್ಷಗಳಿಂದ ಒಂದು ಗಳಿಗೆಯೂ ತಣ್ಣಗಾಗಲು ಬಿಡದ, ನಮ್ಮ ಮಹಾಮಂಡಲದ ಸೂರ್ಯನೂ ಚಂದ್ರನೂ ಬಿಡುವು ಸಿಕ್ಕಾಗ ಗ್ರಹಣವೂ ಆಗಿರುವ ಪರಮಾದರಣೀಯ ಅಧ್ಯಕ್ಷರೇ. ಅವರ ಎಡಕ್ಕೆ ಕೂತು ಬಲಕ್ಕೆ ತಲೆಯಾಡಿಸುತ್ತಿರುವ ಉಪಾಧ್ಯಕ್ಷರೇ. ಬಲಕ್ಕೆ ಕೂತು ಎಡಕ್ಕೆ ತಲೆಯಾಡಿಸುತ್ತಿರುವ ಇನ್ನೊಬ್ಬ ಉಪಾಧ್ಯಕ್ಷರೇ. ದಾರಿಯಲ್ಲಿದ್ದಾರೆ, ದಾರಿಯಲ್ಲಿದ್ದಾರೆ ಎಂದು ಸಂಜೆಯಿಂದ ಘೋಷಿಸಲ್ಪಡುತ್ತಿರುವ ಮುಖ್ಯ ಅತಿಥಿಗಳ ಖಾಲಿ ಕುರ್ಚಿಯೇ. ಮುಂದಿನ ಸಾಲಿನ ಸೋಫಾಗಳಲ್ಲಿ ಮುಳುಗಿ ಮೂಗಿನಿಂದ ಮೇಲಕ್ಕೆ ಮಾತ್ರ ಕಾಣುತ್ತಿರುವ ಗಣ್ಯರೇ. ಹಿಂದಿನ ಸಾಲುಗಳ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಪೂರ್ತಿ ಕಾಣುತ್ತಿದ್ದರೂ ಯಾರಿಗೂ ಕಾಣದ ಸಾಮಾನ್ಯರೇ. ಗೋಡೆಗೊರಗಿ ನಿಂತು ಯಾವ ಕ್ಷಣದಲ್ಲಾದರೂ ಜಾರಿಕೊಳ್ಳಬಲ್ಲ ಬುದ್ಧಿವಂತರೇ. ತಿರುಗುವ, ತಿರುಗದ ಹಾಗೂ ತಿರುಗಿದಂತೆ ನಟಿಸುವ ಫ್ಯಾನುಗಳೇ. ಮತ್ತು ನನ್ನ ನೆಚ್ಚಿನ ಸಭಿಕರೇ!

'ಸಂಸ್ಥಾಪಕರ ಕುಟುಂಬದ ಪರವಾಗಿ ಎರಡು ಮಾತು' ಎಂದು ಕಾರ್ಯಕ್ರಮದಲ್ಲಿ ಅಚ್ಚಾಗಿದೆ. ಎರಡು ಎಂದರೆ ಎರಡೇ ಎಂದು ಕಾರ್ಯದರ್ಶಿಗಳು ಮೆಟ್ಟಿಲ ಬಳಿ ನನ್ನ ಮೊಣಕೈ ಹಿಡಿದು ತಿಳಿಹೇಳಿದ್ದಾರೆ. ಅವರು ಗಾಬರಿಯಾಗಬಾರದು. ಇದುವರೆಗೆ ಒಂದು ಮಾತೂ ಆಗಿಲ್ಲ. ಆಗಿದ್ದು ಸಂಬೋಧನೆ ಮಾತ್ರ.

ನಿಜಕ್ಕೂ ಇಲ್ಲಿ ನಿಲ್ಲಬೇಕಾದವರು ನನ್ನ ದೊಡ್ಡಮ್ಮ. ಅವರಿಗೆಂದು ಮುಂದಿನ ಸಾಲಿನಲ್ಲಿ ಒಂದು ಸೋಫಾ ಕಾದಿರಿಸಲಾಗಿದೆ. ಸದ್ಯಕ್ಕೆ ಅದರ ಮೇಲೆ ಯಾರದೋ ಕೈಚೀಲ ಆಸೀನವಾಗಿದೆ. ದೊಡ್ಡಮ್ಮ ಬರಲಿಲ್ಲ. "ನೀನೇ ಹೋಗ್ಬಾ. ಶರ್ಟು ಇಸ್ತ್ರಿ ಮಾಡ್ಕೊ. ಚೆನ್ನಾಗಿ ಮಾತಾಡು, ಜಗಳ ಆಡ್ಬೇಡ" ಎಂದರು. ಶರ್ಟನ್ನು ನೀವು ನೋಡುತ್ತಿದ್ದೀರಿ. ಉಳಿದೆರಡು ಸಲಹೆಗಳಲ್ಲಿ ಒಂದನ್ನು ಪಾಲಿಸಲು ಪ್ರಯತ್ನಿಸುತ್ತೇನೆ.

ಸಭಿಕರೇ, ನನ್ನ ಬೆನ್ನ ಹಿಂದಿರುವ ಈ ಬೃಹತ್ ಬ್ಯಾನರನ್ನು ದಯವಿಟ್ಟು ನೋಡಿ. ಇದನ್ನು ಮುದ್ರಿಸಿದ್ದು ನಾನೇ, ನಾನು ಕೆಲಸ ಮಾಡುವ ಫ್ಲೆಕ್ಸ್ ಅಂಗಡಿಯಲ್ಲಿ. 'ಅಂತಿಮಯಾತ್ರಾ ಸಹಭಾಗಿಗಳ ಮಹಾಮಂಡಲ: ಹತ್ತು ಸಾವಿರ ಸದಸ್ಯರ ಸಂಭ್ರಮ.' ಸಾವಿನ ಸಂಘಕ್ಕೆ ಸಂಭ್ರಮ ಎಂಬ ಪದ ಬೇಡವೇನೋ ಎಂದು ಫೋನಿನಲ್ಲಿ ಸೂಚಿಸಿದೆ. "ನೀನು ಅಕ್ಷರ ಮಾತ್ರ ನೋಡ್ಕೊ" ಎಂದರು. ನೋಡಿಕೊಂಡೆ. ಅಧ್ಯಕ್ಷರ ಚಿತ್ರ ಬಾಗಿಲಿನಷ್ಟಿದೆ. ಮೂಲೆಯಲ್ಲಿ ಅಂಚೆಚೀಟಿಯಷ್ಟಿರುವುದು ನನ್ನ ದೊಡ್ಡಪ್ಪ. ಅದು ಚಿತ್ರವೋ ಬಟ್ಟೆಗೆ ಬಿದ್ದ ಕಲೆಯೋ ಎಂದು ಹಿಂದಿನ ಸಾಲಿನವರು ವಾದಿಸುತ್ತಿರುವುದು ನನಗೆ ಕೇಳಿಸುತ್ತಿದೆ. ಚಿತ್ರವೇ, ಸ್ವಾಮಿ.

ಅಧ್ಯಕ್ಷರು ತಮ್ಮ ಪ್ರಾಸ್ತಾವಿಕ ನುಡಿಗಳಲ್ಲಿ ಒಂದು ಅದ್ಭುತ ಲೆಕ್ಕ ಹೇಳಿದರು. ಇಬ್ಬರಿದ್ದರೆ ಒಂದು ಬಾಂಧವ್ಯ. ಮೂವರಿದ್ದರೆ ಮೂರು. ನಾಲ್ವರಿದ್ದರೆ ಆರು. ಹೊಸಬನೊಬ್ಬ ಬಂದರೆ ಬರುವುದು ಒಬ್ಬನಲ್ಲ. ಇರುವ ಪ್ರತಿಯೊಬ್ಬರ ಜೊತೆಗೂ ಅವನದೊಂದು ಬಾಂಧವ್ಯ ಬರುತ್ತದೆ. ಹೀಗೆ ಹತ್ತು ಸಾವಿರ ಸದಸ್ಯರಿದ್ದರೆ ಹತ್ತಿರ ಹತ್ತಿರ ಐದು ಕೋಟಿ ಬಾಂಧವ್ಯಗಳು! ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ನಾನೂ ತಟ್ಟಿದೆ. ಲೆಕ್ಕ ಸರಿಯಾಗಿದೆ, ಅನುಮಾನವೇ ಬೇಡ. ಮೊಬೈಲಿನಲ್ಲಿ ಗುಣಿಸಿ ನೋಡಿದೆ. ಅಂಥ ಐದು ಕೋಟಿಯ ಒಡೆಯರ ಮುಂದೆ ನಿಂತಿರುವ ನಾನು ಎಷ್ಟು ಭಾಗ್ಯವಂತ, ಹೇಳಿ!

ಈಗ ಮೊದಲನೆಯ ಮಾತು.

ನಮ್ಮ ಕಟ್ಟಡ ನಿಮ್ಮಲ್ಲಿ ಬಹುಪಾಲು ಜನರ ಕಟ್ಟಡದಂಥದ್ದೇ. ಮೆಟ್ಟಿಲು ತಿರುಗುವಲ್ಲಿ ಯಾರೋ ಬಿಟ್ಟುಹೋದ ಸೈಕಲ್ಲು. ಸೀಲಿಂಗಿನಲ್ಲಿ ನೀರು ಸೋರಿ ಮೂಡಿದ ಕಂದು ನಕ್ಷೆ. ಒಂದು ಲಿಫ್ಟು, ಅದರೊಳಗೆ ಯಾರನ್ನೂ ಚೆಂದ ತೋರಿಸದ ಒಂದು ಕನ್ನಡಿ. ಇಂಥ ಲಿಫ್ಟುಗಳನ್ನು ರಿಪೇರಿ ಮಾಡುವುದು ದೊಡ್ಡಪ್ಪನ ಕಸುಬು. ನನ್ನ ಅಪ್ಪ ಅಮ್ಮ ದೂರದ ಊರಿಗೆ ಕೆಲಸಕ್ಕೆ ಹೋಗುವಾಗ ನನ್ನನ್ನು ಅವರ ಮನೆಯಲ್ಲಿ ಬಿಟ್ಟರು. ಸ್ವಲ್ಪ ದಿನಕ್ಕೆ ಎಂದು ಬಿಟ್ಟಿದ್ದು. ನನಗೆ ಮೀಸೆ ಬಂದು, ನಾನದನ್ನು ಬೋಳಿಸಿ, ಅದು ಮತ್ತೆ ಬಂದರೂ ಆ ಸ್ವಲ್ಪ ದಿನ ಇನ್ನೂ ಮುಗಿದಿಲ್ಲ. ಇರಲಿ, ಇದು ನನ್ನ ಸನ್ಮಾನ ಸಮಾರಂಭವಲ್ಲ.

ಲಿಫ್ಟು ಕೆಟ್ಟರೆ ಜನ ದೊಡ್ಡಪ್ಪನಿಗೆ ಫೋನ್ ಮಾಡುತ್ತಿದ್ದರು. ಲಿಫ್ಟು ಕೆಡದಿದ್ದರೂ ಒಮ್ಮೊಮ್ಮೆ ಮಾಡುತ್ತಿದ್ದರು. "ಮೇಲಿನ ಮನೆಯಲ್ಲಿ ಒಬ್ರು ತೀರ್ಕೊಂಡಿದಾರೆ, ಪೆಟ್ಟಿಗೆ ಲಿಫ್ಟ್ ಒಳಗೆ ಹಿಡೀತಾ ಇಲ್ಲ, ಏನಾದ್ರೂ ಮಾಡೋಕಾಗುತ್ತಾ?" ಪೆಟ್ಟಿಗೆ ಅಡ್ಡಲಾಗಿ ಹಿಡಿಯುವುದಿಲ್ಲ. ಹಾಗಾಗಿ ಜನ ಕಂಡುಕೊಂಡಿದ್ದ ಉಪಾಯ ಒಂದೇ: ಅದನ್ನು ನೆಟ್ಟಗೆ ನಿಲ್ಲಿಸುವುದು. ಅಂಥದ್ದೊಂದನ್ನು ದೊಡ್ಡಪ್ಪ ಒಮ್ಮೆ ಹತ್ತಿರದಿಂದ ನೋಡಿದರು. ಮನೆಗೆ ಬಂದವರು ಗ್ರೀಸಿನ ಕೈ ತೊಳೆಯದೆ ಬಾಗಿಲಲ್ಲೇ ಕೂತರು.

"ಏನಾಯ್ತು?" ಎಂದರು ದೊಡ್ಡಮ್ಮ.

"ನಿಲ್ಲಿಸಿದ ತಕ್ಷಣ ಒಳಗೆ ಅವರು ಜಾರಿ ಕೂತ್ರು ಕಣೇ. ಸದ್ದು ಕೇಳಿಸ್ತು."

ಊಟಕ್ಕೆ ಕೂತಾಗ ಮತ್ತೆ ಅವರೇ ಹೇಳಿದರು: "ಆ ಲಿಫ್ಟ್ ಅಳತೆ ಹಾಕಿದೋನಿಗೆ ಇಲ್ಲಿ ಜನ ಬದುಕಿರ್ತಾರೆ ಅಂತ ಹೇಳಿದಾರೆ. ಸಾಯ್ತಾರೆ ಅಂತ ಯಾರೂ ಹೇಳ್ಲಿಲ್ಲ ಅನ್ಸುತ್ತೆ."

ಅಂದಿನಿಂದ ದೊಡ್ಡಪ್ಪನದು ಒಂದೇ ಹಟ. ಲಿಫ್ಟಿರುವುದು ನಿಂತುಕೊಳ್ಳಬಲ್ಲವರಿಗೆ. ನಿಂತುಕೊಳ್ಳಲಾರದವರನ್ನು ಮಲಗಿಸಿಕೊಂಡೇ, ಮೆಟ್ಟಿಲ ಮೇಲೆ, ಹೆಗಲು ಕೊಟ್ಟು ಇಳಿಸಬೇಕು. ಹೇಳುವುದಕ್ಕೆ ಸುಲಭ. ಹೆಗಲು ಎಲ್ಲಿಂದ ತರುವುದು?

ಹೆಗಲುಗಳು ಸಿಕ್ಕಿದ್ದು ನಮ್ಮ ಕಟ್ಟಡದ ಕೆಳಗಿನ ಕ್ಷೌರದಂಗಡಿಯಲ್ಲಿ. ಅಂಗಡಿಯವರನ್ನು ನಾನು ಕಟಿಂಗ್ ಮಾವ ಎನ್ನುತ್ತೇನೆ. ಅಲ್ಲಿ ಕೊನೆಯ ಸಾಲಿನಲ್ಲಿ ಮೊಣಕಾಲು ನೀವಿಕೊಳ್ಳುತ್ತ ಕೂತಿದ್ದಾರೆ, ದಯವಿಟ್ಟು ಎಲ್ಲರೂ ತಿರುಗಿ ನೋಡಬೇಡಿ, ಅವರಿಗೆ ನಾಚಿಕೆ. ಅಂದು ಅಂಗಡಿಯಲ್ಲಿದ್ದವರು ಅವರು, ದೊಡ್ಡಪ್ಪ, ಟೈಪಿಂಗ್ ಕಲಿಸುತ್ತಿದ್ದ ಮೇಷ್ಟ್ರು ಮತ್ತು ಗೇಟು ಕಾಯುತ್ತಿದ್ದ ತಾತ. ಮೂಲೆಯ ಬೆಂಚಿನಲ್ಲಿ ಹಳೆಯ ಪತ್ರಿಕೆಯ ಚಿತ್ರಗಳಿಗೆಲ್ಲ ಗಡ್ಡ ಬರೆಯುತ್ತಿದ್ದ ನಾನು.

"ನಾಲ್ಕು ಮೂಲೆ, ನಾಲ್ಕು ಹೆಗಲು. ನಾವೇ ಸಾಕಲ್ಲ" ಎಂದರು ದೊಡ್ಡಪ್ಪ.

"ಲೆಕ್ಕ ತಪ್ಪಿದೆ" ಎಂದರು ಮೇಷ್ಟ್ರು. "ನಮ್ಮಲ್ಲೇ ಒಬ್ಬ ಹೋದ್ರೆ?"

"ಮೂರು ಜನ ಇರ್ತೀವಿ."

"ನಾಲ್ಕನೇ ಮೂಲೆ?"

"ಸತ್ತೋನೇ ಒಂಚೂರು ಎದ್ದು ಬಂದು ಹಿಡ್ಕೊಳ್ಳಲಿ, ಪುಕ್ಕಟೆ ಮಲಗೋಕೆ ಅವನೇನು ಅಳಿಯನಾ?" ಎಂದರು ಕಟಿಂಗ್ ಮಾವ. ಗೇಟ್ ತಾತ ನಕ್ಕು ನಕ್ಕು ಕೆಮ್ಮಿ, ಮೊದಲು ಹೋಗುವವರು ತಾವೇ ಎಂಬುದನ್ನು ಎಲ್ಲರಿಗೂ ಸ್ಪಷ್ಟಪಡಿಸಿದರು.

ಅಷ್ಟರಲ್ಲಿ ಎದುರಿಗಿದ್ದ ಇಸ್ತ್ರಿ ಅಕ್ಕ ತಮ್ಮ ಗಾಡಿಯಿಂದಲೇ ಕೂಗಿದರು: "ನನ್ನನ್ನೂ ಸೇರಿಸ್ಕೊಳ್ರಿ."

"ನಿನಗ್ಯಾಕಮ್ಮಾ, ಭಾರ ಇರುತ್ತೆ" ಎಂದರು ಕಟಿಂಗ್ ಮಾವ.

"ದಿನಾ ಇಸ್ತ್ರಿಪೆಟ್ಟಿಗೆ ಎತ್ತೋಳು ನಾನು. ನೀನು ಎತ್ತೋದು ಬಾಚಣಿಗೆ. ಯಾರ ಹೆಗಲು ಗಟ್ಟಿ ಅಂತ ಈಗ್ಲೇ ನೋಡೋಣ್ವಾ?"

ನೋಡಲಿಲ್ಲ. ಐದನೆಯ ಸದಸ್ಯತ್ವ ಅವಿರೋಧವಾಗಿ ಅಂಗೀಕಾರವಾಯಿತು. ಸಭಿಕರೇ, ನಿಮ್ಮ ಮಹಾಮಂಡಲದ ಉದ್ಘಾಟನಾ ಸಮಾರಂಭ ಇಷ್ಟೇ. ಮುಖ್ಯ ಅತಿಥಿಗಳು ತಡವಾಗಿ ಬರಲಿಲ್ಲ, ಏಕೆಂದರೆ ಇರಲೇ ಇಲ್ಲ.

ಆ ಐವರು ಎಷ್ಟು ಜನರನ್ನು ಇಳಿಸಿದರೋ ಯಾರೂ ಬರೆದಿಡಲಿಲ್ಲ. ಇಳಿಸುವುದೂ ಒಂದು ವಿದ್ಯೆ. ಕೆಳಗಿನ ಇಬ್ಬರ ಮೇಲೆ ಭಾರ. ಮೇಲಿನ ಇಬ್ಬರು ಬಗ್ಗಿ ಬರಬೇಕು. ತಿರುವಿನಲ್ಲಿ ಐದನೆಯವರು ಸೈಕಲ್ಲನ್ನು ಪಕ್ಕಕ್ಕಿಟ್ಟು "ನಿಧಾನ, ನಿಧಾನ, ಎಡಗಡೆ ಗೋಡೆ" ಎನ್ನಬೇಕು. ಯಾರ ಹೆಗಲು ಯಾರಿಗಿಂತ ಎತ್ತರ, ಯಾರ ಮೊಣಕಾಲು ಯಾವ ತಿರುವಿನಲ್ಲಿ ಕೈಕೊಡುತ್ತದೆ ಎಂಬುದೆಲ್ಲ ಪರಸ್ಪರ ಗೊತ್ತಿತ್ತು. ಐದು ಜನ, ಅಧ್ಯಕ್ಷರ ಲೆಕ್ಕದಲ್ಲಿ ಬರೀ ಹತ್ತು ಬಾಂಧವ್ಯ. ಎಂಥ ಬಡತನ!

ದೊಡ್ಡಪ್ಪನಿಗೆ ಬೇರೆ ಲೆಕ್ಕ ಬರುತ್ತಿರಲಿಲ್ಲ, ಲಿಫ್ಟಿನದು ಬರುತ್ತಿತ್ತು. ನಾನು ಒಮ್ಮೆ, ಲಿಫ್ಟಿಗೆ ಅಷ್ಟೊಂದು ಹಗ್ಗ ಯಾಕೆ ಎಂದು ಕೇಳಿದ್ದೆ. "ಒಂದು ಹರಿದ್ರೆ ಉಳಿದವು ಹಿಡೀಲಿ ಅಂತ ಕಣೋ ಕಪಿ. ಆದ್ರೆ ಎಲ್ಲಾ ಒಂದೇ ಸಮ ಬಿಗಿ ಇರ್ಬೇಕು. ಪಕ್ಕದ್ದು ಹಿಡಿದಿದೆಯಲ್ಲ ಅಂತ ಒಂದು ಸಡಿಲ ಬಿಟ್ಕೊಂಡ್ರೆ, ಅದು ಇದ್ರೂ ಒಂದೇ, ಇಲ್ದಿದ್ರೂ ಒಂದೇ." ಕಪಿ ಎಂಬುದು ನಾನೇ. ಇದು ಬೈಗುಳವಲ್ಲ, ಮನೆಯಲ್ಲಿ ನನಗಿದ್ದ ಪದವಿ.

ಅವರು ಮಾಡಿದ ನಿಯಮವೂ ಒಂದೇ. ಮೂರನೇ ಮಹಡಿಯಲ್ಲೊಬ್ಬ ಜಗಳಗಂಟ ಸತ್ತಾಗ, "ಅವನಾ? ನನ್ನ ಅಂಗಡಿ ಬೋರ್ಡ್ ಕಿತ್ತು ಎಸೆದೋನಿಗೆ ನಾನು ಹೆಗಲು ಕೊಡ್ಲಾ?" ಎಂದು ಕಟಿಂಗ್ ಮಾವ ಮುಖ ತಿರುಗಿಸಿದರು. ದೊಡ್ಡಪ್ಪ ಅವರ ಕೈಯಿಂದ ಕತ್ತರಿ ತೆಗೆದು ಪಕ್ಕಕ್ಕಿಟ್ಟರು. "ಯಾರು ಅಂತ ಕೇಳಿದ್ರೆ ಹೋಗ್ಬೇಕಾ ಬೇಡ್ವಾ ಅಂತ ತಲೆ ಓಡೋಕೆ ಶುರುವಾಗುತ್ತೆ. ಇನ್ಮೇಲೆ ಯಾರು ಅಂತ ಕೇಳೋದು ಬೇಡ. ಎಲ್ಲಿ ಅಂತ ಕೇಳೋಣ. ಹೋಗೋಣ. ಅಷ್ಟೇ." ಆ ದಿನ ಕಟಿಂಗ್ ಮಾವ ಬೈಯುತ್ತಲೇ ಮೆಟ್ಟಿಲಿಳಿದರು, ಆದರೆ ಮಲಗಿಸಿಕೊಂಡೇ ಇಳಿಸಿದರು.

ಯಾರು ಎಂದು ಕೇಳಬಾರದು, ಎಲ್ಲಿ ಎಂದು ಮಾತ್ರ ಕೇಳಬೇಕು. ಇಂದು ಇದೇ ವಾಕ್ಯ ನಿಮ್ಮ ಬ್ಯಾಡ್ಜುಗಳ ಮೇಲೆ ಬಂಗಾರದ ಬಣ್ಣದಲ್ಲಿ ಹೊಳೆಯುತ್ತಿದೆ. ಅಕ್ಷರದಲ್ಲಿ ತಪ್ಪಿಲ್ಲ. ಅದನ್ನು ಮುದ್ರಿಸಿದ್ದೂ ನಾನೇ.

ಎರಡನೆಯ ಮಾತಿಗೆ ಬರುವ ಮೊದಲು ಅಧ್ಯಕ್ಷರ ಬಗ್ಗೆ ಹೇಳದಿದ್ದರೆ ನಾನು ಕೃತಘ್ನನಾಗುತ್ತೇನೆ. ಅವರು ಒಂದು ದಿನ ಕ್ಷೌರದಂಗಡಿಗೆ ಬಂದು, ಅರ್ಧ ಮುಖದ ಸೋಪಿನಲ್ಲೇ ಹೇಳಿದರು: "ನೀವು ದೊಡ್ಡ ಕೆಲಸ ಮಾಡ್ತಿದೀರಿ. ಆದ್ರೆ ಸಣ್ಣದಾಗಿ ಮಾಡ್ತಿದೀರಿ." ಎಂಥ ಮಾತು! ಮರುತಿಂಗಳೇ ಬ್ಯಾಡ್ಜು ಬಂತು. ತೋಳಿಗೆ ಕಪ್ಪು ಪಟ್ಟಿ ಬಂತು. ಶಾಖೆ ಬಂತು, ಉಪಶಾಖೆ ಬಂತು, ಯುವ ಘಟಕ ಬಂತು, 'ಹೆಗಲುರತ್ನ' ಪ್ರಶಸ್ತಿ ಬಂತು. ಫೋನ್ ಮಾಡಿದರೆ ಸಾಕು, ಕಚೇರಿಯಿಂದ ಎಲ್ಲರ ಮೊಬೈಲಿಗೆ ರಸ್ತೆ ಮತ್ತು ಸಮಯ ಹೋಗುವ ವ್ಯವಸ್ಥೆ ಬಂತು, ನಿಯಮದಂತೆ ಹೆಸರಿಲ್ಲದೆ. ನೆಲಮಹಡಿಯಲ್ಲಿ, ಅಗಲವಾದ ಗೇಟುಗಳ ಹಿಂದೆ ವಾಸಿಸುವವರೂ ಸದಸ್ಯರಾದರು. ಅವರಿಗೆ ಮೆಟ್ಟಿಲಿನ ಸಂಘ ಯಾಕೆ ಎಂದು ಕೇಳಬೇಡಿ. ಜನ ಇರುವಲ್ಲಿ ಜನ ಸೇರುತ್ತಾರೆ. ಸಾವಿನ ಮನೆಯ ಅಂಗಳದಲ್ಲಿ ಬಾಡಿಗೆ ಮನೆಗಳು ಸಿಕ್ಕವು, ಡಾಕ್ಟರುಗಳ ನಂಬರುಗಳು ಸಿಕ್ಕವು, ಹೆಣ್ಣು ಗಂಡು ಒಪ್ಪಿಗೆಯಾದವು. ನಾನೇಕೆ ಮುಚ್ಚಿಡಲಿ? ನನ್ನ ಫ್ಲೆಕ್ಸ್ ಅಂಗಡಿಯ ಕೆಲಸವೂ ಒಂದು ಶವಯಾತ್ರೆಯಲ್ಲೇ ಸಿಕ್ಕಿದ್ದು. ಪೆಟ್ಟಿಗೆಯ ಮುಂದಿನ ಬಲಮೂಲೆ ಹಿಡಿದಿದ್ದವರು ಹಿಂದಿನ ಬಲಮೂಲೆಯ ನನ್ನನ್ನು ತಿರುಗಿ ನೋಡಿ, "ಕಂಪ್ಯೂಟರ್ ಬರುತ್ತಾ?" ಎಂದರು. "ಬರುತ್ತೆ" ಎಂದೆ. ಬರುತ್ತಿರಲಿಲ್ಲ. ಮೃತರು ಆಕ್ಷೇಪಿಸಲಿಲ್ಲ.

ದೊಡ್ಡಪ್ಪನಿಗೂ ಇದು ಖುಷಿಯೇ ಆಗಿತ್ತು, ಅದನ್ನೂ ಹೇಳಬೇಕು. ಗೇಟ್ ತಾತ ಹೋದಾಗ, ಆಮೇಲೆ ಮೇಷ್ಟ್ರು ಹೋದಾಗ ಹೆಗಲಿಗೆ ಕೊರತೆಯಾಗಲಿಲ್ಲ. ಇಸ್ತ್ರಿ ಅಕ್ಕ ಮಗಳ ಊರಿಗೆ ಹೋದರು. ದೊಡ್ಡಪ್ಪನಿಗೆ ಉಸಿರು ಕಟ್ಟತೊಡಗಿ, ಮನೆಯಿಂದ ಇಳಿಯುವುದು ನಿಂತಾಗಲೂ ಸಂಜೆ ಮೊಬೈಲಿನಲ್ಲಿ ಸಂದೇಶಗಳು ಬರುವುದನ್ನು ನೋಡುತ್ತ ಕೂತಿರುತ್ತಿದ್ದರು. "ಎಷ್ಟು ಜನ ಆದ್ರು ನೋಡು!" ಎನ್ನುತ್ತಿದ್ದರು. "ನನ್ನನ್ನ ಇಳಿಸೋಕೆ ಪೈಪೋಟಿ ಆಗುತ್ತೆ. ನೀನು ಹಿಂದೆ ಇರು ಕಪಿ, ನಿನ್ನ ಎತ್ತರ ಸಾಲದು."

ಈಗ ಎರಡನೆಯ ಮಾತು, ಸಭಿಕರೇ. ಕಾರ್ಯದರ್ಶಿಗಳು ಗಡಿಯಾರ ನೋಡುತ್ತಿದ್ದಾರೆ. ನೋಡಲಿ. ಮುಖ್ಯ ಅತಿಥಿಗಳು ದಾರಿಯಲ್ಲಿದ್ದಾರಲ್ಲ.

ಕಳೆದ ವರ್ಷ ಒಂದು ಬೆಳಿಗ್ಗೆ ದೊಡ್ಡಪ್ಪ ಏಳಲಿಲ್ಲ. ಕಟಿಂಗ್ ಮಾವ ಮೇಲೆ ಬಂದು, ತಾವೇ ಅವರ ಮುಖಕ್ಷೌರ ಮಾಡಿದರು. ನಾನು ಮಹಾಮಂಡಲದ ಕಚೇರಿಗೆ ಫೋನ್ ಮಾಡಿದೆ. ನಿಯಮ ಮುರಿಯಬಾರದಲ್ಲ? ಯಾರು ಎಂದು ನಾನು ಹೇಳಲಿಲ್ಲ, ಅವರು ಕೇಳಲಿಲ್ಲ. ರಸ್ತೆ ಹೇಳಿದೆ, ಕಟ್ಟಡ ಹೇಳಿದೆ, ನಾಲ್ಕನೇ ಮಹಡಿ ಎಂದೆ, ಹನ್ನೊಂದು ಗಂಟೆ ಎಂದೆ. "ಆಯ್ತು, ಕಳಿಸ್ತೀವಿ" ಎಂದರು.

ಅದೇ ಬೆಳಿಗ್ಗೆ, ಅದೇ ರಸ್ತೆಯ ಆರಂಭದ ದೊಡ್ಡ ಮನೆಯಲ್ಲಿ, ಒಂದು ಕಾರ್ಖಾನೆಯ ಹಳೆಯ ನಿರ್ದೇಶಕರು ತೀರಿಕೊಂಡಿದ್ದರು. ಅವರೂ ಸದಸ್ಯರು. ಅವರ ಮನೆಯಿಂದಲೂ ಫೋನ್ ಹೋಗಿತ್ತು. ಅದೇ ರಸ್ತೆ, ಅದೇ ಹನ್ನೊಂದು ಗಂಟೆ. ಹೆಸರಂತೂ ಯಾರೂ ಬರೆದುಕೊಳ್ಳುವಂತಿಲ್ಲ, ಕಟ್ಟಡ ಮಹಡಿಗಳಿಗೆ ಅವರ ಪಟ್ಟಿಯಲ್ಲಿ ಜಾಗವೂ ಇರಲಿಲ್ಲ. ಕಚೇರಿಯಲ್ಲಿ ಕೂತ ಪುಣ್ಯಾತ್ಮರು ಎರಡನ್ನೂ ನೋಡಿ, ಒಂದೇ ಸಾವು ಎರಡು ಸಲ ಬಂದಿದೆ ಎಂದುಕೊಂಡರು. ಒಂದನ್ನು ಅಳಿಸಿದರು. ಯಾರನ್ನು ದೂರಲಿ? ನಿಯಮ ಮಾಡಿದವರೇ ಅಳಿಸಿಹೋದವರು.

ಹನ್ನೊಂದಾಯಿತು. ಯಾರೂ ಬರಲಿಲ್ಲ. ಸ್ಮಶಾನದವರು ಹನ್ನೆರಡೂವರೆಗೆ ಬನ್ನಿ, ತಪ್ಪಿದರೆ ಎರಡು ದಿನ ರಜೆ ಎಂದಿದ್ದರು. ಅಪ್ಪ ಬಂದು ಮುಟ್ಟುವುದು ಮರುದಿನವೇ. ಪಕ್ಕದ ಮನೆಗಳವರು ಕೆಲಸಕ್ಕೆ ಹೋಗಿದ್ದರು. ಗೇಟ್ ತಾತನ ಜಾಗದಲ್ಲಿ ಕ್ಯಾಮೆರಾ ಇತ್ತು, ಅದಕ್ಕೆ ಹೆಗಲಿಲ್ಲ. ಕೆಳಗೆ ನಿಂತಿದ್ದ ವ್ಯಾನಿನ ಡ್ರೈವರ್, "ಗಾಡಿ ಬಿಟ್ಟು ಬಂದ್ರೆ ಎತ್ಕೊಂಡು ಹೋಗ್ತಾರೆ ಸಾರ್, ಇವತ್ತು ರಸ್ತೆ ತುಂಬ ಪೊಲೀಸ್ರು" ಎಂದ. ಪೊಲೀಸರೇಕೆ ಎಂದು ತಿರುಗಿ ನೋಡಿದೆ. ರಸ್ತೆಯ ತುದಿ ಕಪ್ಪಗಾಗಿತ್ತು. ಎಲ್ಲರ ತೋಳಲ್ಲೂ ನಮ್ಮದೇ ಪಟ್ಟಿ.

ಓಡಿದೆ. ಮೊದಲು ಸಿಕ್ಕವರ ತೋಳು ಹಿಡಿದೆ. "ಸಾರ್, ಇಲ್ಲಲ್ಲ, ಆ ಕಟ್ಟಡ. ನಾಲ್ಕನೇ ಮಹಡಿ. ನಾಲ್ಕೇ ಜನ ಬನ್ನಿ, ಸಾಕು."

"ಸಂದೇಶದಲ್ಲಿ ಈ ರಸ್ತೆ ಅಂತಲೇ ಇದೆಯಲ್ಲಪ್ಪ."

"ರಸ್ತೆ ಇದೇ ಸಾರ್, ಸತ್ತಿರೋರು ಬೇರೆ. ನಮ್ಮ ದೊಡ್ಡಪ್ಪ..."

"ಉಷ್! ಯಾರು ಅಂತ ಹೇಳ್ಬಾರ್ದು ತಮ್ಮಾ" ಎಂದು ಅವರು ಬ್ಯಾಡ್ಜು ಮುಟ್ಟಿ ತೋರಿಸಿದರು.

ಇನ್ನೊಬ್ಬರನ್ನು ಹಿಡಿದೆ. "ಎಲ್ಲಾ ಇಲ್ಲೇ ನಿಂತಿದಾರೆ ಅಂದ್ಮೇಲೆ ಇಲ್ಲೇ ಇರ್ಬೇಕು" ಎಂದರು. ಎಷ್ಟು ಸರಿಯಾದ ಮಾತು! ಹತ್ತು ಜನ ನಿಂತಲ್ಲಿಗೆ ನೂರು ಬಂದಿದ್ದರು, ನೂರು ನಿಂತಲ್ಲಿಗೆ ಎಂಟುನೂರು. ಪ್ರತಿಯೊಬ್ಬರೂ ಪಕ್ಕದವರನ್ನು ನೋಡಿ ಇದೇ ಮನೆ ಎಂದು ಖಾತ್ರಿ ಮಾಡಿಕೊಂಡಿದ್ದರು. ಜನ ಹೆಚ್ಚಿದಷ್ಟೂ ಖಾತ್ರಿ ಹೆಚ್ಚಿತ್ತು. ನಾನೊಬ್ಬನೇ ಅನುಮಾನಾಸ್ಪದ. ಅಷ್ಟರಲ್ಲಿ ಒಬ್ಬರಿಗೆ ನನ್ನ ಗುರುತು ಸಿಕ್ಕಿತು. ಬದುಕಿದೆ ಎಂದುಕೊಂಡೆ. "ಏ, 'ಲಿಫ್ಟಿನಲ್ಲಿ ನಗಬೇಡಿ, ಭಾರ ಹೆಚ್ಚುತ್ತದೆ' ಅಂತ ಬೋರ್ಡ್ ಅಂಟಿಸಿದ್ದ ಹುಡುಗ ಅಲ್ವಾ ನೀನು? ಹುಡುಗಾಟಕ್ಕೂ ಒಂದು ಜಾಗ ಬೇಡ್ವೇನೋ? ಸಾವಿನ ಮನೆ ಇದು."

ಹೌದು, ಬೋರ್ಡ್ ಅಂಟಿಸಿದ್ದು ನಾನೇ. ಒಂದು ವಾರ ಇಡೀ ಕಟ್ಟಡ ಲಿಫ್ಟಿನಲ್ಲಿ ಗಂಭೀರವಾಗಿತ್ತು.

ಅಧ್ಯಕ್ಷರೇ, ನೀವು ಅಲ್ಲಿದ್ದಿರಿ. ಗೇಟಿನ ಒಳಗೆ, ಎತ್ತರದ ಜಗಲಿಯ ಮೇಲೆ. ನಿಮ್ಮ ಕೈಯಲ್ಲಿ ಮೈಕ್ ಇತ್ತು. ನಾನು ಎರಡೂ ಕೈ ಎತ್ತಿ ಬೀಸಿದೆ. ನೀವು ನೋಡಿದಿರಿ, ಕೈ ಮುಗಿದಿರಿ, ಮುಂದುವರಿಸಿದಿರಿ: "ನಮ್ಮ ಸದಸ್ಯರಲ್ಲಿ ಯಾರೂ ಈ ರಸ್ತೆಯಿಂದ ಒಂಟಿಯಾಗಿ ಹೋಗುವುದಿಲ್ಲ." ಚಪ್ಪಾಳೆ ತಟ್ಟುವಂತಿರಲಿಲ್ಲ, ಹಾಗಾಗಿ ಎಲ್ಲರೂ ತಲೆಯಾಡಿಸಿದರು. ಆ ಮನೆಯ ಬಾಗಿಲಿಗೂ ಗಾಡಿಗೂ ನಡುವೆ ಒಂದೇ ಒಂದು ಮೆಟ್ಟಿಲೂ ಇಳಿಯಬೇಕಾಗಿರಲಿಲ್ಲ, ಸ್ವಾಮಿ. ಇಳಿಜಾರು ಮಾಡಿಸಿದ್ದರು. ಗಾಲಿಯ ಮೇಲೆ ಪೆಟ್ಟಿಗೆ ತಾನೇ ಹೋಗುತ್ತಿತ್ತು.

ವಾಪಸು ಓಡಿದೆ. ಮೇಲೆ ನಾವು ಮೂವರು. ನಾನು, ದೊಡ್ಡಮ್ಮ, ಕಟಿಂಗ್ ಮಾವ. ಎತ್ತಿದೆವು. ಬಾಗಿಲು ದಾಟಿದೆವು. ಮೊದಲ ಮೆಟ್ಟಿಲುಗಳಲ್ಲೇ ಕಟಿಂಗ್ ಮಾವನ ಮೊಣಕಾಲು ಮಡಿಚಿಕೊಂಡಿತು. ಪೆಟ್ಟಿಗೆಯ ಮೂಲೆ ಗೋಡೆಗೆ ಬಡಿದು ಸುಣ್ಣ ಉದುರಿತು. ಹಾಗೇ ಗೋಡೆಗೆ ಆನಿಸಿ ನಿಂತೆವು. ನಾಲ್ಕನೆಯ ಮೂಲೆಯನ್ನು ಹಿಡಿಯಲು ಯಾರೂ ಎದ್ದು ಬರಲಿಲ್ಲ. ಕಟಿಂಗ್ ಮಾವ ಅಳತೊಡಗಿದರು.

ದೊಡ್ಡಮ್ಮ ಪೆಟ್ಟಿಗೆಯ ಮೇಲೆ ಬಿದ್ದ ಸುಣ್ಣವನ್ನು ಸೆರಗಿನಿಂದ ಒರೆಸಿದರು. ಆಮೇಲೆ ಹೇಳಿದರು: "ಲಿಫ್ಟ್ ಕರಿಯೋ."

"ದೊಡ್ಡಮ್ಮಾ, ಬೇಡ."

"ನಾನು ಕೇಳ್ಕೊತೀನಿ ಅವರ ಹತ್ರ ಕ್ಷಮೆ. ನೀನು ಕರಿ."

ನಿಲ್ಲಿಸಿದೆವು, ಸಭಿಕರೇ. ಯಾರನ್ನೂ ಹಾಗೆ ನಿಲ್ಲಿಸಬಾರದು ಎಂದು ಯಾರು ಈ ಸಂಘ ಕಟ್ಟಿದರೋ ಅವರನ್ನೇ ನಿಲ್ಲಿಸಿದೆವು. ಸದ್ದು ಕೇಳಿಸಿತು. ನಾನು ಪೆಟ್ಟಿಗೆಯನ್ನು ತಬ್ಬಿಕೊಂಡು ಒಳಗೆ ನಿಂತೆ. ಪಕ್ಕದಲ್ಲಿ ದೊಡ್ಡಮ್ಮ. ಕನ್ನಡಿಯಲ್ಲಿ ನಾವು ಮೂವರು ಎಲ್ಲಿಗೋ ಹೊರಟವರ ಹಾಗೆ ಕಾಣುತ್ತಿದ್ದೆವು. ಕಟಿಂಗ್ ಮಾವ ಮೆಟ್ಟಿಲಲ್ಲಿ ಕುಂಟುತ್ತ ಬರುತ್ತಿರುವುದು ಕೇಳಿಸುತ್ತಿತ್ತು. ದೊಡ್ಡಮ್ಮ ಗುಂಡಿ ಒತ್ತಿದರು.

ಎರಡನೇ ಮಹಡಿಯಲ್ಲಿ ಲಿಫ್ಟು ನಿಂತಿತು. ಬಾಗಿಲು ತೆರೆಯಿತು. ಹೊಸದಾಗಿ ಬಾಡಿಗೆಗೆ ಬಂದಿದ್ದವರೊಬ್ಬರು; ತೋಳಲ್ಲಿ ಕಪ್ಪು ಪಟ್ಟಿ, ಎದೆಯ ಮೇಲೆ ಬ್ಯಾಡ್ಜು, ಕೈಯಲ್ಲಿ ಹೂಗುಚ್ಛ. ತಡವಾಗಿದ್ದ ಕಾರಣ ಆತುರದಲ್ಲಿದ್ದರು. ನೆಟ್ಟಗೆ ನಿಂತ ಪೆಟ್ಟಿಗೆಯನ್ನು ನೋಡಿ ಬೀರು ಎಂದುಕೊಂಡರು.

"ಓ, ಮನೆ ಬದಲಾಯಿಸ್ತಿದೀರಾ?" ಎಂದರು.

"ಹೌದಪ್ಪಾ" ಎಂದರು ದೊಡ್ಡಮ್ಮ. "ಬದಲಾಯಿಸ್ತಿದೀವಿ."

"ಪರವಾಗಿಲ್ಲ ಬಿಡಿ, ನಾನು ಮೆಟ್ಟಿಲಲ್ಲೇ ಹೋಗ್ತೀನಿ. ಇಲ್ಲೇ ಒಂದು ಸಾವಿದೆ, ಹೆಗಲು ಕೊಡ್ಬೇಕು." ಹಾಗೆಂದು ಅವರು ನಮಗಿಂತ ಮೊದಲೇ ಇಳಿದುಹೋದರು. ಒಳ್ಳೆಯ ಮನುಷ್ಯರು. ಇಂದು ಇದೇ ಸಭೆಯಲ್ಲಿದ್ದಾರೆ. ಯಾರು ಎಂದು ಕೇಳಬೇಡಿ.

ಕೆಳಗೆ ವ್ಯಾನಿನ ಡ್ರೈವರ್ ನಾಲ್ಕನೆಯ ಮೂಲೆ ಹಿಡಿದ. ಗಾಡಿಯಿಂದ ಬಾಗಿಲಿಗೆ ಅಷ್ಟೇನೂ ದೂರವಿರಲಿಲ್ಲ. ಸ್ಮಶಾನದಲ್ಲಿ ಕೆಲಸದವರು ಹಿಡಿದರು. ಮುಗಿಯಿತು. ಮಹಾಮಂಡಲದಿಂದ ಆಮೇಲೆ ಒಂದು ಹೂಗುಚ್ಛ ಬಂತು, 'ತಾಂತ್ರಿಕ ಲೋಪಕ್ಕೆ ವಿಷಾದವಿದೆ' ಎಂಬ ಚೀಟಿಯೊಂದಿಗೆ. ದೊಡ್ಡಮ್ಮ ಹೂವನ್ನು ಲೋಟದಲ್ಲಿ ನೀರು ಹಾಕಿ ಇಟ್ಟರು. ಹೂವಿನದೇನು ತಪ್ಪು?

ಈಗ ಹೇಳಿ, ಮಹನೀಯರೇ. ಐದು ಕೋಟಿ ಬಾಂಧವ್ಯಗಳಲ್ಲಿ ನಮಗೆ ಬೇಕಾಗಿದ್ದು ಎಷ್ಟು? ಒಂದು. ಬರೀ ಒಂದು ಹೆಗಲು. ಸಂಘ ಬೆಳೆದಂತೆ ಸಂಘದ ಬೆಲೆ ಬೆಳೆಯುತ್ತದೆ ಎಂದಿರಿ, ಒಪ್ಪಿದೆ. ಅದರೊಳಗಿನ ಒಬ್ಬೊಬ್ಬನ ಬೆಲೆ ಏನಾಗುತ್ತದೆ? ಹತ್ತು ಸಾವಿರದಲ್ಲಿ ಒಬ್ಬ ಬಾರದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಇದು ನಿಮಗೆ ಅನುಕೂಲ. ಹತ್ತು ಸಾವಿರದಲ್ಲಿ ಒಬ್ಬ ಸತ್ತರೂ ಯಾರಿಗೂ ತಿಳಿಯುವುದಿಲ್ಲ. ಇದೂ ನಿಮ್ಮ ಪಾಲಿಗೇ ಬರುತ್ತದೆ, ಆತುರ ಬೇಡ. ಐವರಿದ್ದಾಗ ಒಬ್ಬ ಕೆಮ್ಮಿದರೆ ನಾಲ್ವರಿಗೆ ಎದೆ ಹಾರುತ್ತಿತ್ತು. ದೊಡ್ಡಮ್ಮ ಇನ್ನೂ ನಾಲ್ಕನೇ ಮಹಡಿಯಲ್ಲೇ ಇದ್ದಾರೆ. "ನನ್ನನ್ನ ಯಾರೋ ಇಳಿಸ್ತಾರೆ?" ಎಂದು ಅವರು ಈ ವರ್ಷ ಒಂದೇ ಒಂದು ಸಲ ಕೇಳಿದ್ದಾರೆ. ನಾನೊಂದು ಜೋಕು ಹೇಳಿದೆ. ಅವರು ನಗಲಿಲ್ಲ.

ಎರಡೂ ಮಾತುಗಳು ಮುಗಿದವು. ಇಷ್ಟೆಲ್ಲ ಹೇಳಿ ಕೆಳಗಿಳಿದರೆ ನಾನೊಬ್ಬ ದೊಡ್ಡ ಮನುಷ್ಯನ ಹಾಗೆ ಕಾಣುವ ಅಪಾಯವಿದೆ. ಅದಕ್ಕೆ ಒಂದು ಸಣ್ಣ ವಿಷಯ ಸೇರಿಸುತ್ತೇನೆ. ಇದು ದೊಡ್ಡಮ್ಮನಿಗೂ ಗೊತ್ತಿಲ್ಲ.

ಅಂದು ಬೆಳಿಗ್ಗೆಯಿಂದ ನನಗೆ ಅಳು ಬಂದಿರಲಿಲ್ಲ. ಪೆಟ್ಟಿಗೆ ತಬ್ಬಿಕೊಂಡಾಗಲೂ ಇಲ್ಲ, ಮಣ್ಣು ಹಾಕುವಾಗಲೂ ಇಲ್ಲ. ಇಬ್ಬರನ್ನೂ ಮನೆ ಮುಟ್ಟಿಸಿ, ಹಾಲು ತರುತ್ತೇನೆಂದು ಹೇಳಿ ಇಳಿದವನು ನೆಟ್ಟಗೆ ಆ ದೊಡ್ಡ ಮನೆಗೆ ಹೋದೆ. ಅಲ್ಲಿ ಇನ್ನೂ ಜನರಿದ್ದರು. ಯಾರ ಮುಖಕ್ಕಾದರೂ ಉಗಿಯಬೇಕೆಂದೇ ಹೋಗಿದ್ದೆ. ಗಾಡಿ ಹೊರಟುಹೋಗಿತ್ತು, ನಿರ್ದೇಶಕರ ಚಿತ್ರಕ್ಕೆ ಹೂ ಹಾಕುವ ಸಾಲಿನಲ್ಲಿ ನಿಂತೆ. ಮುಂದೆ ಹಿಂದೆ ಎಲ್ಲ ಕಪ್ಪು ಪಟ್ಟಿಗಳು, ಎಲ್ಲರೂ ಮೆಲ್ಲಗೆ ಉಸಿರಾಡುತ್ತಿದ್ದರು. ಸಾಲು ಎರಡು ಹೆಜ್ಜೆ ಸರಿಯುವಷ್ಟರಲ್ಲಿ ನನಗೆ ಅಳು ಬಂತು. ಬಿಕ್ಕಿ ಬಿಕ್ಕಿ, ಮೂಗು ಸೋರಿಸಿಕೊಂಡು, ಜೀವಮಾನದಲ್ಲಿ ನೋಡದ ಒಬ್ಬ ನಿರ್ದೇಶಕರ ಚಿತ್ರದ ಮುಂದೆ ಅತ್ತೆ. ಹಿಂದಿದ್ದವರು ಯಾರೋ ನನ್ನ ಬೆನ್ನ ಮೇಲೆ ಕೈ ಇಟ್ಟರು. "ತುಂಬಾ ಹತ್ತಿರದವ್ರಾ?" ಎಂದರು. "ಹೂಂ" ಎಂದೆ. ಅವರು ಕೈ ತೆಗೆಯಲಿಲ್ಲ. ಬಹಳ ಹೊತ್ತು ತೆಗೆಯಲಿಲ್ಲ. ನನಗೆ ಅದು ಬೇಕಾಗಿತ್ತು. ಹಾಲಿನ ಅಂಗಡಿ ಮುಚ್ಚಿಹೋಯಿತು.

ಸಹನೆಯಿಂದ ಕೇಳಿದ ನಿಮಗೆ, ಮೈಕ್ ಕಸಿದುಕೊಳ್ಳದ ಕಾರ್ಯದರ್ಶಿಗಳಿಗೆ, ಇನ್ನೂ ದಾರಿಯಲ್ಲಿರುವವರಿಗೆ ಕೃತಜ್ಞತೆಗಳು. ಎಲ್ಲರಿಗೂ ನಮಸ್ಕಾರ.